ಶ್ರೇಷ್ಠ ಆಟಗಾರ್ತಿ ಯಾರು?

ಕಾಲೇಜುಗಳ ಕ್ರೀಡಾವರ್ಷ ಮುಗಿಯುತ್ತಲೇ ಪ್ರಶಸ್ತಿ ಯಾರಿಗೆ ಸಲ್ಲಬೇಕೆಂಬ ಚರ್ಚೆ ಮೊದಲಾಗುತ್ತದೆ. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚು ಅಂಕ ಗಳಿಸಿದವಳ ಹೆಸರೇ ಎಲ್ಲರ ಬಾಯಲ್ಲಿ ಬರುವುದು ಸಹಜ. ಆದರೆ ಆಕೆಗೆ ಸಕಾಲದಲ್ಲಿ ಚೆಂಡು ದಾಟಿಸಿದವಳೊಬ್ಬಳು, ಗುರಿತಪ್ಪಿ ಮರಳಿದ ಚೆಂಡನ್ನು ಜಿಗಿದು ಹಿಡಿದವಳೊಬ್ಬಳು, ಎದುರಾಳಿಯನ್ನು ತಡೆದು ನಿಂತವಳೊಬ್ಬಳು ಇರುತ್ತಾಳಲ್ಲವೇ? ಎರಡು ಅಂಕ ಗಳಿಸುವುದಕ್ಕೂ ಎರಡು ಅಂಕ ತಪ್ಪಿಸುವುದಕ್ಕೂ ಬೆಲೆ ಒಂದೇ.

ಆಟ ಬೇರೆಯಾದರೂ ಮಾದರಿಯೊಂದು ನಮ್ಮ ಕಣ್ಣೆದುರಿಗಿದೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್‌ನ ಮಹಿಳಾ ಅಂತಿಮ ಪಂದ್ಯದಲ್ಲಿ ದಾಳಿಗೊಂದು, ರಕ್ಷಣೆಗೊಂದು, ಒಟ್ಟು ಆಟಕ್ಕೊಂದು ಪುರಸ್ಕಾರ ನೀಡಲಾಯಿತು. ಶ್ರೇಷ್ಠ ಆಟಗಾರ್ತಿಯಾದವರು ನಮ್ಮ ಮೈಸೂರು ಜಿಲ್ಲೆಯ ಬಿ. ಚೈತ್ರಾ, ರಕ್ಷಣೆಯ ಗೌರವ ಸಂದದ್ದು ಸೋತ ನೇಪಾಳದ ಆಟಗಾರ್ತಿಗೆ!

2023ರಲ್ಲಿ ಜಮಖಂಡಿಯಲ್ಲಿಯೇ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಾಲೇಜುಗಳೂ ಇದೇ ಕ್ರಮವನ್ನು ಅನುಸರಿಸುವುದು ಉಚಿತ. ಏಕೆಂದರೆ ನಮ್ಮ ಮನೆಗಳಲ್ಲಿ ಪ್ರಮಾಣಪತ್ರವೊಂದು ಬಂದರೆ ಮಗಳ ಆಟಕ್ಕೆ ಹಿರಿಯರ ಒಪ್ಪಿಗೆ ಮತ್ತೊಂದು ವರ್ಷ ದೊರೆಯುತ್ತದೆ. ಬಾರದಿದ್ದರೆ ಅಲ್ಲಿಗೇ ಆಟ ಮುಗಿಯುತ್ತದೆ. ಅಂಕಪಟ್ಟಿಯಲ್ಲಿ ಕಾಣದ ಶ್ರಮವನ್ನು ಕಾಣುವ ಕಣ್ಣು ತೀರ್ಪುಗಾರರಿಗಿರಲಿ, ತಾಯಿ-ತಂದೆಗಳಿಗೂ ಇರಲಿ.