ರಕ್ತ ತನ್ನಿ ಎನ್ನುವ ಮುನ್ನ

ಆಪರೇಷನ್ ಎಂದೊಡನೆ ಹುಮನಾಬಾದಿನ ಬಡವರು ರಕ್ತದ ಚೀಟಿ ಹಿಡಿದು ಬೀದರ್, ಕಲಬುರಗಿಗೆ ಓಡಬೇಕೇ? ಅಪಘಾತ, ಹೆರಿಗೆಯ ತುರ್ತು ಬೇರೆ ಮಾತು. ಆದರೆ ದಿನ ಮೊದಲೇ ಗೊತ್ತಾಗಿರುವ ಗರ್ಭಕೋಶದ ಶಸ್ತ್ರಚಿಕಿತ್ಸೆಗೆ? ತಿಂಗಳ ಮುಂಚೆ ಹಿಮೋಗ್ಲೋಬಿನ್ ನೋಡಿ ಕಬ್ಬಿಣಾಂಶದ ಮಾತ್ರೆಯನ್ನೋ ಇಂಜೆಕ್ಷನನ್ನೋ ಕೊಟ್ಟರೆ ಎಷ್ಟೋ ಮಂದಿಗೆ ಪರರ ರಕ್ತವೇ ಬೇಕಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇದು ಗೊತ್ತಿದ್ದೂ ಕೊನೆಗಳಿಗೆಯಲ್ಲಿ ಬಾಟಲಿ ಕೇಳುವುದು ಯಾವ ನ್ಯಾಯ?

ಸೋರಿದ ರಕ್ತವನ್ನೇ ತೊಳೆದು ಮರಳಿಸುವ ಯಂತ್ರ ದುಬಾರಿ, ಬಿಡಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲಕ್ಕೇನು ಬಂತು ಬರ? ಪರರ ರಕ್ತ ಪಡೆಯಲು ಉಲಮಾಗಳು ಅನುಮತಿಸಿದ್ದು ಅನಿವಾರ್ಯತೆಯ ಆಧಾರದಲ್ಲಿ. ತಪ್ಪಿಸಬಹುದಾದುದನ್ನು ಅನಿವಾರ್ಯ ಮಾಡಿದ್ದು ಈ ವ್ಯವಸ್ಥೆ. ಮೀಲಾದ್‌ಗೆ ರಕ್ತದಾನ ಶಿಬಿರ ನಡೆಸುವ ನಮ್ಮ ಯುವಕರು ಇನ್ನು ಮುಂದೆ ಪಕ್ಕದಲ್ಲೇ ಪರದೆ ಕಟ್ಟಿ, ಹೆಂಗಸರ ಹಿಮೋಗ್ಲೋಬಿನ್ ತಪಾಸಣೆಯನ್ನೂ ಇಡಲಿ.