ನೆಗಡಿಯ ಪೆಟ್ಟು ಹೊಟ್ಟೆಗೂ ಉಂಟು

ಮಳೆಗಾಲ ಶುರುವಾಯಿತೆಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮಕ್ಕಳಿಗೆ ಶೀತ, ಜ್ವರ, ಕೆಮ್ಮು ತಪ್ಪಿದ್ದಲ್ಲ. ಕೆಲವು ಮಕ್ಕಳಿಗೆ ಹಿಂದೆಯೇ ಹೊಟ್ಟೆಯೂ ಕೆಡುತ್ತದೆ. 'ಕಫ ನುಂಗಿದ್ದಕ್ಕೆ' ಎಂದು ಅಜ್ಜಿಯಂದಿರು ಹೇಳುವುದುಂಟು. ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಇನ್‌ಫ್ಲುಯೆಂಜಾ ವೈರಸ್ ಶ್ವಾಸಕೋಶಕ್ಕೆ ತಗಲಿದರೂ ಕರುಳಿನ ಬ್ಯಾಕ್ಟೀರಿಯಾಗಳು ಏರುಪೇರಾಗುವುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಆರ್‌ಎಸ್‌ವಿ ವೈರಸ್ ತಗಲಿ ಆಸ್ಪತ್ರೆ ಸೇರಿದ ಹಸುಗೂಸುಗಳಲ್ಲೂ ಇಂಥದೇ ವ್ಯತ್ಯಾಸ ಕಂಡಿದೆ. ಜ್ವರದಲ್ಲಿ ಊಟ ಸೇರದಿರುವುದೂ ಇದಕ್ಕೊಂದು ಕಾರಣವಂತೆ.

ಹೀಗೆ ಸೊರಗಿದ ಕರುಳಿಗೆ ಬೇಡದ ಆಂಟಿಬಯೋಟಿಕ್ ಬೇರೆ ಸುರಿದರೆ? ವೈರಸ್‌ಗೆ ಅದು ನಾಟುವುದೇ ಇಲ್ಲ. ಸಾಯುವುದು ಒಳ್ಳೆಯ ಬ್ಯಾಕ್ಟೀರಿಯಾ. ಕೇರಳ ಸರಕಾರ 2024ರಲ್ಲಿ 'ಆಪರೇಷನ್ ಅಮೃತ್' ಹೆಸರಲ್ಲಿ, ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಮೆಡಿಕಲ್ ಶಾಪ್‌ಗಳ ತಪಾಸಣೆಗೆ ಇಳಿದದ್ದು ಒಳ್ಳೆಯದೇ. ಆದರೆ ಹಿಂದಿನ ಸಲದ ಅರ್ಧ ಬಾಟಲಿ ಮನೆಯ ಕಪಾಟಿನಲ್ಲೇ ಕೂತಿದ್ದರೆ ಅದನ್ನು ತಪಾಸಣೆ ಮಾಡುವವರು ಯಾರು? ಅಲ್ಲಿ ಕೆಲಸ ಮಾಡುವುದು ತಿಳುವಳಿಕೆ ಒಂದೇ. ಮಲಯಾಳ ಓದಲು ಬಾರದ ತಾಯಂದಿರು ಗಡಿನಾಡಿನಲ್ಲಿ ಈಗಲೂ ಇದ್ದಾರೆ. ಔಷಧಿಯ ಸೂಚನೆ ಅವರಿಗೆ ಕನ್ನಡದಲ್ಲೇ ಸಿಗಬೇಕು. ಇದು ಭಾಷಾಭಿಮಾನದ ಮಾತಲ್ಲ, ಮಗುವಿನ ಆರೋಗ್ಯದ ಮಾತು. ಅಲ್ಲಿಯವರೆಗೆ ಇಷ್ಟು ನೆನಪಿರಲಿ: ತಾಯಿಹಾಲು, ಗಂಜಿ ನಿಲ್ಲಿಸಬೇಡಿ. ಮಗು ಏದುಸಿರು ಬಿಟ್ಟರೆ, ಮೂತ್ರ ಕಡಿಮೆಯಾದರೆ ಕಪಾಟು ತೆರೆಯದೆ ನೇರ ಡಾಕ್ಟರಲ್ಲಿಗೆ ಹೋಗಿ.