ಉತ್ತರ ಬಲ್ಲವರ ಮೊದಲ ಓದು

ಪ್ರಸಿದ್ಧ ಗ್ರಂಥವೊಂದನ್ನು ಮೊದಲ ಬಾರಿಗೆ ಓದುವವನಿಗೆ ವಿಚಿತ್ರವಾದ ತೊಡಕೊಂದು ಎದುರಾಗುತ್ತದೆ. ಗ್ರಂಥ ಕೈಸೇರುವ ಮೊದಲೇ ಅದರ ಕೀರ್ತಿ ಕಿವಿ ಸೇರಿರುತ್ತದೆ. ಗಂಭೀರ ಕಾವ್ಯಕ್ಕೆ ಇದರಿಂದ ಹಾನಿಯಿಲ್ಲ. ರಾಮಾಯಣದ ಕಥೆ ಗೊತ್ತಿದ್ದೇ ಜನ ರಾಮಾಯಣವನ್ನು ಓದುತ್ತಾರೆ. ಹಾಸ್ಯಕೃತಿಯ ಪಾಡು ಬೇರೆ. ನಗೆಯು ಅನಿರೀಕ್ಷಿತದಿಂದ ಹುಟ್ಟುವಂಥದು. ಮೊದಲೇ ಹೇಳಿಬಿಟ್ಟ ನಗೆಮಾತು ತಂಗಳನ್ನದಂತೆ ಸವಿಗೆಡುತ್ತದೆ.

ಆಂಗ್ಲ ಲೇಖಕ ಡಗ್ಲಸ್ ಆಡಮ್ಸ್ (1952–2001) ರಚಿಸಿದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಇದಕ್ಕೆ ಉತ್ತಮ ನಿದರ್ಶನ. 1978ರ ಮಾರ್ಚಿಯಲ್ಲಿ ಬಿ.ಬಿ.ಸಿ. ರೇಡಿಯೋ ಧಾರಾವಾಹಿಯಾಗಿ ಮೊದಲುಗೊಂಡ ಈ ಕಥೆ 1979ರಲ್ಲಿ ಕಾದಂಬರಿಯ ರೂಪ ತಾಳಿತು. ಇದನ್ನು ಓದದವರೂ ಇದರಲ್ಲಿ ಬರುವ 42 ಎಂಬ ಸಂಖ್ಯೆಯನ್ನು ಬಲ್ಲರು. ಜೀವನ, ವಿಶ್ವ ಮತ್ತು ಸಮಸ್ತ ವಸ್ತುಗಳ ಪರಮಪ್ರಶ್ನೆಗೆ ಅದೇ ಉತ್ತರವೆಂಬುದು ಕಂಪ್ಯೂಟರ್ ವಿದ್ಯೆ ಕಲಿತ ತರುಣರ ಬಾಯಲ್ಲಿ ಗಾದೆಯಂತಾಗಿದೆ. ಹೀಗೆ ಉತ್ತರವನ್ನು ಮೊದಲೇ ಹೊತ್ತುಕೊಂಡು ಬಂದ ಓದುಗನಿಗೆ ಉಳಿದಿರುವುದೇನು? ಬಹಳಷ್ಟಿದೆ, ಏಕೆಂದರೆ ಕೃತಿಯ ಸತ್ತ್ವವಿರುವುದು ಆ ಸಂಖ್ಯೆಯಲ್ಲಲ್ಲ.

ಕಥೆಯ ಆರಂಭದಲ್ಲಿ ಆರ್ಥರ್ ಡೆಂಟ್ ಎಂಬ ಸಾಮಾನ್ಯ ಆಂಗ್ಲ ಗೃಹಸ್ಥನ ಮನೆಯನ್ನು ಕೆಡವಲು ಬುಲ್‌ಡೋಜರ್ ಬಂದು ನಿಂತಿದೆ. ಬೈಪಾಸ್ ರಸ್ತೆಯ ಕಾಮಗಾರಿ. ಯೋಜನೆಯ ನಕ್ಷೆಯನ್ನು ಸಾರ್ವಜನಿಕರ ಅವಗಾಹನೆಗೆ ಇಟ್ಟಿದ್ದೆವೆಂದು ಅಧಿಕಾರಿಗಳು ಸಾಧಿಸುತ್ತಾರೆ. ಇಟ್ಟದ್ದೆಲ್ಲಿ? ದೀಪವಿಲ್ಲದ ನೆಲಮಾಳಿಗೆಯಲ್ಲಿ, ಬೀಗ ಜಡಿದ ಬೀರುವಿನಲ್ಲಿ! ಅದೇ ದಿನ ವೋಗನ್ನರೆಂಬ ಅನ್ಯಲೋಕದವರು ಅಂತರಿಕ್ಷದ ಬೈಪಾಸಿಗಾಗಿ ಭೂಮಂಡಲವನ್ನೇ ಕೆಡವುತ್ತಾರೆ. ಅವರ ನಕ್ಷೆ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ 50 ವರ್ಷಗಳಿಂದ ಪ್ರದರ್ಶನಕ್ಕಿತ್ತಂತೆ. ಆ ನಕ್ಷತ್ರಕ್ಕೂ ಭೂಮಿಗೂ ನಾಲ್ಕು ಜ್ಯೋತಿರ್ವರ್ಷಗಳಿಗಿಂತ ಹೆಚ್ಚು ದೂರ.

ಭರತಮುನಿಯು ವಿಕೃತ ವೇಷ, ವಿಕೃತ ಅಲಂಕಾರ ಮೊದಲಾದವನ್ನು ಹಾಸ್ಯದ ವಿಭಾವಗಳೆಂದು ಗಣಿಸಿದನು; ಅಭಿನವಗುಪ್ತನು ಅನೌಚಿತ್ಯದಲ್ಲಿ ಹಾಸ್ಯದ ಮೂಲವನ್ನು ಕಂಡನು. ಇಲ್ಲಿ ವಿಕೃತಿಗೊಂಡಿರುವುದು ವೇಷವಲ್ಲ, ಪ್ರಮಾಣ. ಅದ್ಭುತರಸಕ್ಕೆ ಸಲ್ಲಬೇಕಾದ ಅಂತರಿಕ್ಷದಲ್ಲಿ ಗುಮಾಸ್ತನ ಕಡತ ಬಂದು ಕುಳಿತಿದೆ. ಒಂದು ಮನೆಗೆ ಬಂದ ಅನ್ಯಾಯಕ್ಕೂ ಒಂದು ಲೋಕಕ್ಕೆ ಬಂದ ಅನ್ಯಾಯಕ್ಕೂ ಭಾಷೆ ಒಂದೇ ಎಂಬುದನ್ನು ಕಂಡ ಓದುಗನು ನಗುತ್ತಾನೆ. ನಕ್ಕ ಮೇಲೆ ಯೋಚಿಸುತ್ತಾನೆ.

42ರ ಪ್ರಸಂಗದ ಮರ್ಮವೂ ಇಂಥದೇ. ಡೀಪ್ ಥಾಟ್ ಎಂಬ ಮಹಾಗಣಕವು 75 ಲಕ್ಷ ವರ್ಷ ಚಿಂತಿಸಿ ಆ ಸಂಖ್ಯೆಯನ್ನು ನುಡಿಯುತ್ತದೆ. ಕಾದು ಕುಳಿತವರು ಕಂಗೆಟ್ಟಾಗ ಅದು, ನಿಮಗೆ ಪ್ರಶ್ನೆಯೇ ಏನೆಂದು ತಿಳಿದಿರಲಿಲ್ಲವೆಂದು ತೋರಿಸಿಕೊಡುತ್ತದೆ. ಪ್ರಶ್ನೆಯನ್ನು ಕಂಡುಹಿಡಿಯಲು ಇನ್ನೊಂದು ಹಿರಿಯ ಗಣಕ ಬೇಕಾಗುತ್ತದೆ. ಆ ಗಣಕವೇ ಭೂಮಿ. ಅದರ ಒಂದು ಕೋಟಿ ವರ್ಷಗಳ ಲೆಕ್ಕ ಮುಗಿಯಲು ಐದು ನಿಮಿಷವಿರುವಾಗ ವೋಗನ್ನರು ಅದನ್ನು ಕೆಡವಿಬಿಟ್ಟರು. ಸಂಖ್ಯೆಯನ್ನಷ್ಟೇ ಕೇಳಿ ತೃಪ್ತನಾದವನು ಕಥೆಯಲ್ಲಿ ಕಾದು ಕುಳಿತವರ ಸಾಲಿಗೇ ಸೇರಿದವನು. ಆ ಸಂಖ್ಯೆಗೆ ಗೂಢಾರ್ಥ ಕಟ್ಟಿದ ವ್ಯಾಖ್ಯಾನಕಾರರಿಗೂ ಕಡಮೆಯಿಲ್ಲ. ಅದು ಬರಿಯ ವಿನೋದವೆಂದು ಕರ್ತೃವೇ ಹೇಳಿದರೂ ಅವರಿಗೆ ಸಮಾಧಾನವಿಲ್ಲ!

ಇಂಥ ಓದಿನಿಂದ ವಿದ್ಯಾರ್ಥಿಗೆ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಆಂಗ್ಲರ ಚಹಾ, ಆಂಗ್ಲರ ಶಿಷ್ಟಾಚಾರಗಳನ್ನು ನೆಚ್ಚಿದ ಕೆಲವು ನಗೆಗಳು ಕನ್ನಡ ವಿದ್ಯಾರ್ಥಿಗೆ ದಕ್ಕಲಾರವೆಂಬುದು ನಿಜವೇ. ಆದರೆ ಪ್ರಶ್ನೆಯನ್ನರಿಯದ ಉತ್ತರ ವ್ಯರ್ಥವೆಂಬ ಮಾತು ಯಾವ ಶಾಲೆಗೆ ಪರಕೀಯ? ಪರೀಕ್ಷೆಯ ಮುನ್ನಾದಿನ ವಿದ್ಯಾರ್ಥಿಯ ಕೈಯಲ್ಲಿರುವುದೂ ಒಂದು ಗೈಡು. ಅದರಲ್ಲಿ ಉತ್ತರಗಳುಂಟು, ಜಿಜ್ಞಾಸೆಯಿಲ್ಲ. ಕಾದಂಬರಿಯೊಳಗಿನ ಮಾರ್ಗದರ್ಶಿಯೋ ಸಮಸ್ತ ಭೂಮಂಡಲವನ್ನು ಒಂದೇ ಶಬ್ದದಲ್ಲಿ ವರ್ಣಿಸಿ ಮುಗಿಸಿದೆ. ಹದಿನೈದು ವರ್ಷ ಭೂಮಿಯಲ್ಲಿದ್ದು ಶೋಧಿಸಿದವನು ಅದಕ್ಕೆ ಕೂಡಿಸಲು ಸಾಧ್ಯವಾದದ್ದು ಮತ್ತೊಂದು ಶಬ್ದವನ್ನು ಮಾತ್ರ. ಗೈಡುಗಳನ್ನು ನಂಬುವ ಲೋಕಕ್ಕೆ ಇದಕ್ಕಿಂತ ಮೊನಚಾದ ವಿಡಂಬನೆ ಬೇಕೆ? ಅಂಕಗಳ ಓದನ್ನು ಕೈಲಾಸಂ ಅವರು ‘ಟೊಳ್ಳುಗಟ್ಟಿ’ಯಲ್ಲಿ ನಗೆಯ ಒರೆಗಲ್ಲಿಗೆ ಹಚ್ಚಿದರು, ಅದನ್ನು ಮೆಚ್ಚಿದ ನಾಡಿಗೆ ಈ ವಿಡಂಬನೆ ತಿಳಿಯದಿರದು.

ಆದುದರಿಂದ ಅಧ್ಯಾಪಕರು ಇಂಥ ಕೃತಿಯನ್ನು ವಿದ್ಯಾರ್ಥಿಗೆ ಕೊಡುವಾಗ ಸಾರಾಂಶವನ್ನು ಕೊಡದಿರುವುದು ಲೇಸು. ಇದು ನಗಿಸುತ್ತದೆ ಎಂಬ ಪೀಠಿಕೆಯೂ ಬೇಡ; ಅಪ್ಪಣೆಗೆ ನಗೆ ಬರುವುದಿಲ್ಲ. ಮೆಚ್ಚಿದವರ ಮೆಚ್ಚುಗೆ ಹೊಸ ಓದುಗನ ಹೆಗಲಿಗೆ ಹೊರೆಯಾಗಬಾರದು. ಆತನು ನಗದಿದ್ದರೆ ಅದು ಅಪರಾಧವಲ್ಲ. ಬೇರೆಡೆ ನಕ್ಕರೆ ಅದು ಆತನ ಸಂಪಾದನೆ. ಮೊದಲ ಓದು ಒಮ್ಮೆ ಮಾತ್ರ ಲಭಿಸುವ ಭಾಗ್ಯ. ಅದನ್ನು ವಿವರಣೆಯಿಂದ ಕಸಿದುಕೊಂಡರೆ ಮರಳಿ ಕೊಡುವ ಉಪಾಯವಿಲ್ಲ. ಶಾಲೆಯ ಗ್ರಂಥಭಂಡಾರಕ್ಕೆ ನೆರವಾಗುವ ಮಹನೀಯರೂ ಹಳೆಯ ವಿದ್ಯಾರ್ಥಿಗಳೂ ಪಠ್ಯಪೂರಕ ಗ್ರಂಥಗಳ ಜೊತೆಗೆ ನಗಿಸುವ ನಾಲ್ಕು ಪುಸ್ತಕಗಳನ್ನೂ ಕೊಡಲಿ. ಉತ್ತರಗಳನ್ನು ಕಂಠಪಾಠ ಮಾಡಿ ಬೇಸತ್ತ ಬಾಲಕನಿಗೆ ಅವುಗಳಲ್ಲೊಂದು ಪ್ರಶ್ನೆ ಕೇಳುವುದನ್ನು ಕಲಿಸಿದರೆ ಆ ದಾನ ಸಾರ್ಥಕ.